ಮಂಡಿ ಬಾಗಿಲ ಕೀಲಲ್ಲ: ನೀ ರೀಪ್ಲೇಸ್‌ಮೆಂಟ್‌ನ 130 ವರ್ಷಗಳ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ನಿಂತೇ ಇದನ್ನ ಕೇಳ್ತಿದ್ದೀರಾ ಅಂದ್ರೆ ನಿಮ್ಮ ಮಂಡಿ ಸದ್ಯಕ್ಕೆ ಚೆನ್ನಾಗಿದೆ ಅಂತ ಅರ್ಥ. ಆದರೆ ನಿಮ್ಮ ಮನೆಯಲ್ಲಿ ಯಾರೋ ಒಬ್ಬರು, ಅಜ್ಜಿಯೋ, ಅಮ್ಮನೋ, ದೊಡ್ಡಪ್ಪನೋ, ಮೆಟ್ಟಿಲ ಹತ್ತಿರ ಬಂದಾಗ ಒಂದು ಕ್ಷಣ ನಿಲ್ತಾರೆ. ಕಂಬಿ ಹಿಡ್ಕೊಂಡು, ಉಸಿರು ಬಿಗಿಹಿಡಿದು, ಆಮೇಲೆ ಕಾಲೆತ್ತಿ ಇಡ್ತಾರೆ. ಅಂಥ ಮನೆಗಳಲ್ಲಿ ಒಂದು ಪ್ರಶ್ನೆ ವರ್ಷಗಟ್ಟಲೆ ಓಡಾಡ್ತಾ ಇರುತ್ತೆ: "ಆಪರೇಷನ್ ಮಾಡಿಸೋದಾ, ಬೇಡ್ವಾ?" ಫೋನ್ ಹಿಡಿದು ಉತ್ತರ ಹುಡುಕೋ ಕೆಲಸ ಮಾತ್ರ ಮನೆಯ ಚಿಕ್ಕವರ ಪಾಲಿಗೆ, ಅಂದ್ರೆ ನಿಮ್ಮ ಪಾಲಿಗೆ ಬರುತ್ತೆ.

ಇವತ್ತು ಆ ಪ್ರಶ್ನೆಯನ್ನ ಇತಿಹಾಸದ ಕಡೆಯಿಂದ ನೋಡೋಣ. ನಾನು ಡಾಕ್ಟರಲ್ಲ, ಮಾಡಿಸಿ ಅಂತಾಗಲೀ ಬಿಡಿ ಅಂತಾಗಲೀ ಹೇಳೋ ಅಧಿಕಾರ ನನಗಿಲ್ಲ. ಆದರೆ ಈ ಆಪರೇಷನ್ ಹೇಗೆ ಹುಟ್ಟಿತು, ಎಲ್ಲೆಲ್ಲಿ ಸೋತಿತು, ಯಾವಾಗ ಗೆದ್ದಿತು ಅನ್ನೋದು ಗೊತ್ತಿದ್ರೆ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅನ್ನೋದು ಗೊತ್ತಾಗುತ್ತೆ.

ಆನೆದಂತದ ಮಂಡಿ

ಕಥೆ ಶುರುವಾಗೋದು 1890ರಲ್ಲಿ, ಬರ್ಲಿನ್ ನಗರದಲ್ಲಿ. ಥೆಮಿಸ್ಟೋಕ್ಲಿಸ್ ಗ್ಲುಕ್ ಅನ್ನೋ ಶಸ್ತ್ರವೈದ್ಯರು ಆನೆದಂತವನ್ನ ಕಡೆದು, ಬಾಗಿಲ ಕೀಲಿನ ಹಾಗೆ ಮಡಚೋ ಒಂದು ಕೃತಕ ಮಂಡಿ ಮಾಡಿಸಿದರು. ಕ್ಷಯದಿಂದ ಹಾಳಾಗಿದ್ದ ಮಂಡಿಯನ್ನ ತೆಗೆದು ಆ ಜಾಗದಲ್ಲಿ ಇದನ್ನ ಕೂರಿಸಿದರು. ಮೂಳೆಗೆ ಅದು ಹಿಡಿದು ನಿಲ್ಲಲಿ ಅಂತ ಪ್ಲಾಸ್ಟರ್ ಮತ್ತು ರಾಳ ಸೇರಿಸಿದ ಮಿಶ್ರಣ ಬಳಸಿದರು.

ಕಾಲ ಯಾವುದು ಅಂತ ಸ್ವಲ್ಪ ಗಮನಿಸಿ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಪೆನಿಸಿಲಿನ್ 1928ರಲ್ಲಿ. ಅಂದ್ರೆ ಒಳಗೆ ಏನಿದೆ ಅಂತ ನೋಡೋಕೆ ಎಕ್ಸ್‌ರೇ ಇಲ್ಲ, ಸೋಂಕಾದರೆ ಕೊಡೋಕೆ ಔಷಧಿ ಇಲ್ಲ. ಆದರೂ ಮೊದಲ ಕೆಲವು ವಾರ ರೋಗಿಗಳು ಚೆನ್ನಾಗಿಯೇ ಇದ್ದರು. ಆಮೇಲೆ ಒಳಗಿದ್ದ ಕ್ಷಯದ ಸೋಂಕು ಮತ್ತೆ ತಲೆ ಎತ್ತಿತು, ಕೀವಾಯಿತು. ಬರ್ಲಿನ್ನಿನ ದೊಡ್ಡ ಶಸ್ತ್ರವೈದ್ಯ, ಗ್ಲುಕ್ ಅವರಿಗೆ ಗುರುವೂ ಆಗಿದ್ದ ಅರ್ನ್‌ಸ್ಟ್ ಫಾನ್ ಬರ್ಗ್‌ಮನ್ ಈ ಕೆಲಸವನ್ನ ಬಲವಾಗಿ ವಿರೋಧಿಸಿದರು. ಸೋಂಕು ಇರೋ ಕೀಲಿಗೆ ಕೃತಕ ಕೀಲು ಹಾಕಬಾರದು ಅನ್ನೋ ಪಾಠವನ್ನ ಗ್ಲುಕ್ ಕೂಡ ಕಲಿತರು. ಇವತ್ತಿಗೂ ಮಂಡಿ ಆಪರೇಷನ್‌ಗೆ ಮೊದಲು ಹಲ್ಲು, ಮೂತ್ರ, ಚರ್ಮ, ಎಲ್ಲಾದರೂ ಸೋಂಕು ಇದೆಯಾ ಅಂತ ಪರೀಕ್ಷೆ ಮಾಡ್ತಾರಲ್ಲ, ಆ ಎಚ್ಚರಿಕೆಯ ಬೇರು ಇಂಥ ಸೋಲುಗಳಲ್ಲಿದೆ.

ಮುಂದಿನ ಕೆಲವು ದಶಕಗಳಲ್ಲಿ ವೈದ್ಯರು ಬೇರೆ ದಾರಿ ಹಿಡಿದರು. ಸವೆದ ಎರಡು ಮೂಳೆಗಳು ಒಂದಕ್ಕೊಂದು ಉಜ್ಜದ ಹಾಗೆ ಮಧ್ಯೆ ಏನಾದರೂ ಇಟ್ಟರೆ ಹೇಗೆ ಅಂತ. ರೋಗಿಯದೇ ಕೊಬ್ಬು, ಚರ್ಮ, ತೊಡೆಯ ಸ್ನಾಯುವಿನ ಹೊದಿಕೆ ಇಟ್ಟು ನೋಡಿದರು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ಬೇಯರ್ ಅನ್ನೋರು ಹದ ಮಾಡಿದ ಹಂದಿಯ ಮೂತ್ರಕೋಶದ ಪೊರೆಯನ್ನೂ ಬಳಸಿದರು. ನಗಬೇಡಿ. ನೋವು ತಾಳಲಾರದ ಮನುಷ್ಯರು, ಅವರಿಗೆ ಏನಾದರೂ ಮಾಡಲೇಬೇಕು ಅಂತ ಹೊರಟ ವೈದ್ಯರು. ಆದರೆ ಇಡೀ ಮೈಭಾರ ಹೊರೋ ಮಂಡಿಯಲ್ಲಿ ಇವು ಯಾವುವೂ ಬಹಳ ಕಾಲ ನಿಲ್ಲಲಿಲ್ಲ.

ಕೀಲು ಅನ್ನೋ ಪದದ ಮೋಸ

ಕನ್ನಡದಲ್ಲಿ ಬಾಗಿಲಿಗೂ ಕೀಲು, ದೇಹಕ್ಕೂ ಕೀಲು. ಹೀಗಾಗಿ ಮಂಡಿ ಅಂದ್ರೆ ಬಾಗಿಲ ಹಾಗೆ ಹಿಂದಕ್ಕೂ ಮುಂದಕ್ಕೂ ಮಡಚೋ ವಸ್ತು ಅಂತ ನಮಗೆ ಅನ್ನಿಸಿಬಿಡುತ್ತೆ. ಯುರೋಪಿನ ವೈದ್ಯರಿಗೂ ಹಾಗೇ ಅನ್ನಿಸಿತ್ತು. 1951ರಲ್ಲಿ ಸ್ವೀಡನ್ನಿನ ಬೋರ್ಯೆ ವಾಲ್ಡಿಯಸ್ ಅಕ್ರಿಲಿಕ್‌ನಲ್ಲಿ ಒಂದು ಕೀಲುಮಂಡಿ ಮಾಡಿದರು. ಆಮೇಲೆ ಅದನ್ನೇ ಲೋಹದಲ್ಲಿ ಮಾಡಿದರು. 1954ರಲ್ಲಿ ಇಂಗ್ಲೆಂಡಿನ ಶಿಯರ್ಸ್ ಲೋಹದ್ದೇ ಇನ್ನೊಂದನ್ನ ತಂದರು. ತೊಡೆಮೂಳೆಯ ಒಳಗೆ ಉದ್ದನೆಯ ಒಂದು ಸರಳು, ಕಾಲಮೂಳೆಯ ಒಳಗೆ ಇನ್ನೊಂದು ಸರಳು, ನಡುವೆ ಬಾಗಿಲ ಕೀಲು. ಇಷ್ಟೇ ಅದರ ರಚನೆ.

ಈಗ ಒಂದು ಸಣ್ಣ ಪ್ರಯೋಗ. ಕುರ್ಚಿ ಮೇಲೆ ಕೂತಿದ್ರೆ ಮಂಡಿ ಮಡಚಿ ಹಿಮ್ಮಡಿಯನ್ನ ನೆಲಕ್ಕೆ ಊರಿ. ಪಾದದ ತುದಿಯನ್ನ ಒಳಕ್ಕೆ, ಹೊರಕ್ಕೆ ತಿರುಗಿಸಿ. ಮಂಡಿಯ ಕೆಳಗಿನ ಮೂಳೆ ಸ್ವಲ್ಪ ತಿರುಗೋದು ಕೈಯಿಟ್ಟರೆ ಗೊತ್ತಾಗುತ್ತೆ. ಯಾವ ಬಾಗಿಲೂ ಹಾಗೆ ತಿರುಗಲ್ಲ. ಮಂಡಿ ಮಡಚುವಾಗ ತೊಡೆಮೂಳೆಯ ತುದಿ ಕಾಲಮೂಳೆಯ ಮೇಲೆ ಉರುಳುತ್ತೆ, ಜಾರುತ್ತೆ, ಜೊತೆಗೆ ಸ್ವಲ್ಪ ತಿರುಗುತ್ತೆ. ಈ ಮೂರನ್ನೂ ಹತೋಟಿಯಲ್ಲಿ ಇಡೋದು ನಾಲ್ಕು ಮುಖ್ಯ ಅಸ್ಥಿರಜ್ಜುಗಳು, ಅಂದ್ರೆ ಮೂಳೆಗೂ ಮೂಳೆಗೂ ಕಟ್ಟಿದ ಗಟ್ಟಿ ಹುರಿಗಳು. ಅವುಗಳ ಜೊತೆಗೆ ತೊಡೆಯ ಸ್ನಾಯುಗಳು.

ಕೀಲುಮಂಡಿ ಹಾಕಿದಾಗ ಈ ಹುರಿಗಳಿಗೆ ಕೆಲಸವೇ ಉಳಿಯಲಿಲ್ಲ. ಹಾಗಾಗಿ ನಡೆಯುವಾಗಿನ ಪ್ರತಿ ತಿರುಚು ಸೀದಾ ಸರಳು ಮತ್ತು ಮೂಳೆ ಕೂಡೋ ಜಾಗಕ್ಕೇ ಹೋಯಿತು. ದಿನಕ್ಕೆ ಸಾವಿರಾರು ಹೆಜ್ಜೆ, ಸಾವಿರಾರು ಏಟು. ನೆಟ್ಟ ಗೂಟವನ್ನ ಆ ಕಡೆ ಈ ಕಡೆ ಅಲ್ಲಾಡಿಸಿದರೆ ಏನಾಗುತ್ತೋ ಅದೇ ಆಯಿತು. ಸಡಿಲವಾಯಿತು. ಎಷ್ಟೋ ಸಲ ಸೋಂಕೂ ಸೇರಿಕೊಂಡಿತು. ಜೊತೆಗೆ, ಇದನ್ನ ಕೂರಿಸೋಕೆ ತುಂಬಾ ಮೂಳೆ ಕತ್ತರಿಸಿರುತ್ತಿದ್ದರು. ಸೋತಾಗ ರಿಪೇರಿ ಮಾಡೋಕೆ ಮೂಳೆಯೇ ಕಡಿಮೆ. ಎಷ್ಟೋ ಜನಕ್ಕೆ ಕೊನೆಗೆ ಉಳಿದ ದಾರಿ ಒಂದೇ: ಎರಡೂ ಮೂಳೆಗಳನ್ನ ಸೇರಿಸಿ ಬೆಸೆದು, ಇನ್ನೆಂದೂ ಮಡಚದ ನೆಟ್ಟಗಿನ ಕಾಲು.

ಮಗ್ಗದ ಪ್ಲಾಸ್ಟಿಕ್, ಹಲ್ಲಿನ ಸಿಮೆಂಟ್

ದಾರಿ ತೆರೆದದ್ದು ಸೊಂಟದ ಕೀಲಿನಿಂದ. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ರೈಟಿಂಗ್ಟನ್ ಅನ್ನೋ ಆಸ್ಪತ್ರೆ. ಮೊದಲು ಅದು ಕ್ಷಯರೋಗಿಗಳ ಆಸ್ಪತ್ರೆಯಾಗಿತ್ತು. ಅಲ್ಲಿ ಜಾನ್ ಚಾರ್ನ್‌ಲಿ ಅನ್ನೋ ಹಟವಾದಿ ವೈದ್ಯರು ಸೊಂಟದ ಕೀಲಿಗೆ ಲೋಹದ ಗುಂಡು, ಟೆಫ್ಲಾನ್ ಬಟ್ಟಲು ಹಾಕಿದರು. ಹೌದು, ನಮ್ಮ ದೋಸೆ ಕಾವಲಿಗೆ ಬಳಿಯೋ ಅದೇ ಟೆಫ್ಲಾನ್. ಕೆಲವೇ ವರ್ಷಗಳಲ್ಲಿ ಅದು ಸವೆದುಹೋಯಿತು. ನೂರಾರು ರೋಗಿಗಳ ಕೀಲುಗಳನ್ನ ಮತ್ತೆ ತೆರೆದು ಸರಿ ಮಾಡೋ ಕೆಲಸ ಅವರ ತಲೆ ಮೇಲೆ ಬಿತ್ತು.

1962ರಲ್ಲಿ ಒಬ್ಬ ಮಾರಾಟಗಾರ ಪಾಲಿಎಥಿಲೀನ್ ಅನ್ನೋ ಪ್ಲಾಸ್ಟಿಕ್‌ನ ತುಂಡೊಂದನ್ನ ತಂದ. ಲ್ಯಾಂಕಾಶೈರ್‌ನ ನೇಯ್ಗೆ ಮಗ್ಗಗಳ ಗಿಯರ್‌ಗೆ ಬಳಸ್ತಿದ್ದ ವಸ್ತು ಅದು. ಚಾರ್ನ್‌ಲಿಗೆ ನಂಬಿಕೆ ಬರಲಿಲ್ಲ. ಆದರೆ ಅವರ ಲ್ಯಾಬಿನ ತಂತ್ರಜ್ಞ ಹ್ಯಾರಿ ಕ್ರೇವನ್ ಸುಮ್ಮನಿರದೆ ಅದನ್ನ ಯಂತ್ರಕ್ಕೆ ಹಾಕಿ ಉಜ್ಜಿಸಿ ನೋಡಿದರು. ಟೆಫ್ಲಾನ್‌ಗೆ ಹೋಲಿಸಿದರೆ ಸವೆತ ತೀರಾ ಕಡಿಮೆ. ಚಾರ್ನ್‌ಲಿ ಅದರ ಚೂರನ್ನ ತಮ್ಮ ತೊಡೆಯೊಳಗೇ ಸೇರಿಸಿಕೊಂಡು, ದೇಹ ಒಪ್ಪುತ್ತಾ ಅಂತ ಪರೀಕ್ಷೆ ಮಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ರೋಗಿಗಳಿಗೆ ಹಾಕೋಕೆ ಶುರು ಮಾಡಿದರು. ಮೂಳೆಗೆ ಹಿಡಿಸೋಕೆ ಬಳಸಿದ್ದು ದಂತವೈದ್ಯರ ಬಳಿಯಿದ್ದ ಅಕ್ರಿಲಿಕ್ ಸಿಮೆಂಟ್.

ಲೋಹ, ಪ್ಲಾಸ್ಟಿಕ್, ಸಿಮೆಂಟ್. ಇವತ್ತಿನ ಮಂಡಿಯೂ ಹೆಚ್ಚುಕಡಿಮೆ ಈ ಮೂರರಿಂದಲೇ ಆಗೋದು. ಸಾಮಾನು ಸಿಕ್ಕಿತ್ತು, ಆದರೆ ಮಂಡಿಯ ಒಗಟು ಇನ್ನೂ ಬಿಡಿಸಿರಲಿಲ್ಲ.

ಏನು ಹಾಕೋದು ಅನ್ನೋದಕ್ಕಿಂತ ಏನು ಉಳಿಸೋದು

ಅದೇ ರೈಟಿಂಗ್ಟನ್‌ಗೆ ಕೆನಡಾದ ವಿನ್ನಿಪೆಗ್‌ನಿಂದ ಫ್ರಾಂಕ್ ಗನ್‌ಸ್ಟನ್ ಅನ್ನೋ ಯುವಕ ತರಬೇತಿಗೆ ಬಂದರು. ವೈದ್ಯರಾಗೋ ಮೊದಲು ಎಂಜಿನಿಯರಿಂಗ್ ಓದಿದ್ದವರು. ಅವರು ಮಂಡಿಯನ್ನ ಯಂತ್ರದ ಕಣ್ಣಿಂದ ನೋಡಿದಾಗ ಗೊತ್ತಾಗಿದ್ದು ಇಷ್ಟು: ಇದು ಒಂದೇ ಅಚ್ಚಿನ ಮೇಲೆ ತಿರುಗಲ್ಲ, ಮಡಚುತ್ತಾ ಹೋದ ಹಾಗೆ ತಿರುಗೋ ಕೇಂದ್ರವೂ ಜರುಗುತ್ತೆ. ಹಾಗಾದರೆ ಬಾಗಿಲ ಕೀಲು ಯಾಕೆ ಬೇಕು? ಮೂಳೆಗಳ ಸವೆದ ಮೇಲ್ಮೈಗೆ ಮಾತ್ರ ಹೊಸ ಹೊದಿಕೆ ಹಾಕಿ, ಹುರಿಗಳನ್ನ ಹಾಗೇ ಬಿಡೋಣ. ಮಂಡಿಯನ್ನ ಹಿಡಿದು ನಡೆಸೋ ಕೆಲಸ ಅವುಗಳದ್ದೇ ಆಗಿರಲಿ. 1968ರಲ್ಲಿ ಅವರು ಅಂಥ ಮಂಡಿಯನ್ನ ಮೊದಲ ಬಾರಿಗೆ ಹಾಕಿದರು. ಆ ವಿನ್ಯಾಸಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ.

ಲಂಡನ್‌ನಲ್ಲಿ ಮೈಕೇಲ್ ಫ್ರೀಮನ್ ಇನ್ನೊಂದು ಮಾತು ಸೇರಿಸಿದರು. ಮೂಳೆ ಕತ್ತರಿಸೋದು ಅರ್ಧ ಕೆಲಸ ಅಷ್ಟೇ, ಎರಡೂ ಬದಿಯ ಹುರಿಗಳ ಬಿಗಿತ ಸಮ ಇರೋ ಹಾಗೆ ನೋಡಿಕೊಳ್ಳೋದು ಉಳಿದರ್ಧ ಅಂತ. ಆಮೇಲೆ 1974ರಲ್ಲಿ ನ್ಯೂಯಾರ್ಕ್‌ನ 'ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿ'ಯಲ್ಲಿ 'ಟೋಟಲ್ ಕಾಂಡಿಲರ್' ಅನ್ನೋ ಮಂಡಿ ಬಂತು. ಮಾಡಿದವರಲ್ಲಿ ಮುಖ್ಯರು ಇಂಗ್ಲೆಂಡ್ ಮೂಲದ ಜಾನ್ ಇನ್ಸಾಲ್, ಎಂಜಿನಿಯರ್ ಪೀಟರ್ ವಾಕರ್, ಮತ್ತು ಇಂದೋರ್‌ನಲ್ಲಿ ಎಂ.ಬಿ.ಬಿ.ಎಸ್. ಓದಿ ಅಮೆರಿಕಕ್ಕೆ ಹೋಗಿದ್ದ ಚಿತ್ತರಂಜನ್ ರಣಾವತ್. ಇವತ್ತು ಜಗತ್ತಿನಲ್ಲಿ ಹಾಕೋ ಬಹುತೇಕ ಮಂಡಿಗಳು ಈ ವಂಶದವೇ.

ಇಲ್ಲೊಂದು ತಿದ್ದುಪಡಿ. ನಮ್ಮಲ್ಲಿ 'ಮಂಡಿಚಿಪ್ಪು ಬದಲಾಯಿಸಿದ್ರು' ಅಂತೀವಿ. ಎಷ್ಟೋ ಆಪರೇಷನ್‌ಗಳಲ್ಲಿ ಚಿಪ್ಪು ನಮ್ಮದೇ ಇರುತ್ತೆ, ಹೆಚ್ಚೆಂದರೆ ಅದರ ಒಳಮೈಗೆ ಪ್ಲಾಸ್ಟಿಕ್ ಬಿಲ್ಲೆ ಕೂರಿಸ್ತಾರೆ. ಇಡೀ ಮಂಡಿ ತೆಗೆದು ಹೊಸದು ಹಾಕೋದೂ ಇಲ್ಲ. ತೊಡೆಮೂಳೆಯ ತುದಿಯಿಂದ ಸುಮಾರು ಒಂದು ಸೆಂಟಿಮೀಟರ್, ಕಾಲಮೂಳೆಯ ತಲೆಯಿಂದ ಹೆಚ್ಚುಕಡಿಮೆ ಅಷ್ಟೇ ಕತ್ತರಿಸಿ, ಮೇಲೆ ಲೋಹದ ಟೊಪ್ಪಿ, ಕೆಳಗೆ ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್ ಮೆತ್ತೆ. ಮಂಡಿಯ ನಡುವಿನ ಹುರಿಗಳಲ್ಲಿ ಒಂದೋ ಎರಡೋ ಹೋಗುತ್ತೆ, ಪಕ್ಕದ ಎರಡು ಹುರಿ ಉಳಿಯುತ್ತೆ. ತೊಡೆಯ ಸ್ನಾಯು ಪೂರ್ತಿ ನಮ್ಮದೇ. ಹೀಗಾಗಿ ಆಪರೇಷನ್ ಆದಮೇಲೆ ಕಾಲು ಎತ್ತೋದು, ಹಿಡಿದು ನಿಲ್ಲಿಸೋದು ಎಲ್ಲ ಹಳೆಯ ಸ್ನಾಯುವೇ. ಹತ್ತು ವರ್ಷ ನೋವಿಗೆ ಹೆದರಿ ಕಾಲಾಡಿಸದೆ ಆ ಸ್ನಾಯು ಸೊರಗಿದ್ದರೆ, ಎಷ್ಟೇ ದುಬಾರಿ ಲೋಹ ಹಾಕಿದರೂ ಅದು ಒಬ್ಬಂಟಿ. ಆಪರೇಷನ್‌ಗೆ ಮೊದಲೂ ಆಮೇಲೂ ಫಿಸಿಯೋಥೆರಪಿ ಅಂತ ಡಾಕ್ಟರು ಪೀಡಿಸೋದು ಇದಕ್ಕೇ.

ನೆಲದ ಮೇಲೆ ಕೂರೋ ದೇಶ

ಭಾರತದ ಮನೆಮನೆಗೆ ಈ ಆಪರೇಷನ್ ಹೆಸರು ತಲುಪಿದ್ದು 2000ದ ಅಕ್ಟೋಬರ್‌ನಲ್ಲಿ. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡಮಂಡಿಗೆ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮಾಡಿದವರು ಅದೇ ರಣಾವತ್, ನ್ಯೂಯಾರ್ಕ್‌ನಿಂದ ಬಂದು. ಮುಂದಿನ ವರ್ಷ ಜೂನ್‌ನಲ್ಲಿ ಬಲಮಂಡಿ. 'ವಾಜಪೇಯಿ ಮಾಡಿಸಿಕೊಂಡ್ರಲ್ಲ, ಆ ಆಪರೇಷನ್' ಅಂದ್ರೆ ಸಾಕು, ಎಲ್ಲರಿಗೂ ಅರ್ಥ ಆಗ್ತಿತ್ತು.

ಆದರೆ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಮಂಡಿಯ ಮುಂದಿದ್ದದ್ದು ಕುರ್ಚಿಯ ಬದುಕು. ಸಮನೆಲದಲ್ಲಿ ನಡೆಯೋಕೆ ಮಂಡಿ 60-70 ಡಿಗ್ರಿ ಮಡಚಿದರೆ ಸಾಕು. ಕುರ್ಚಿಯಿಂದ ಏಳೋಕೆ 90ರ ಆಸುಪಾಸು. ಟೋಟಲ್ ಕಾಂಡಿಲರ್ ಕೊಟ್ಟದ್ದೂ ಸರಾಸರಿ ಅಷ್ಟೇ. ನಮ್ಮ ಬದುಕು ನೋಡಿ: ಪಂಕ್ತಿ ಊಟಕ್ಕೆ ಚಕ್ಕಳಮಕ್ಕಳ, ಕಳೆ ಕೀಳೋಕೆ, ಪಾತ್ರೆ ತೊಳೆಯೋಕೆ, ಶೌಚಕ್ಕೆ ಕುಕ್ಕರಗಾಲು. ಕುಕ್ಕರಗಾಲಲ್ಲಿ ಕೂರೋಕೆ 110 ಡಿಗ್ರಿಗಿಂತ ಹೆಚ್ಚು, ಎಷ್ಟೋ ಸಲ 150ರವರೆಗೂ ಬೇಕು. ಆಮೇಲಿನ ವಿನ್ಯಾಸಗಳಲ್ಲಿ ಮಂಡಿ ಹೆಚ್ಚು ಮಡಚುತ್ತೆ ನಿಜ. ಆದರೂ ಬದಲಿಸಿದ ಮಂಡಿಯಲ್ಲಿ ನೆಲಕ್ಕೆ ಕೂರಬೇಡಿ, ಇಂಡಿಯನ್ ಟಾಯ್ಲೆಟ್ ಬಳಸಬೇಡಿ ಅಂತಲೇ ಸಾಮಾನ್ಯವಾಗಿ ಹೇಳ್ತಾರೆ.

ನಾನು ಈ ಇತಿಹಾಸ ಓದೋಕೆ ಶುರು ಮಾಡಿದ್ದು ನಮ್ಮಮ್ಮನಿಂದ. ಅವರಿಗೆ 62. ಮಂಡಿನೋವಿಗೆ ಹತ್ತು ವರ್ಷ. 'ಗ್ರೀಸ್ ಖಾಲಿಯಾಗಿದೆ' ಅಂತ ಪಕ್ಕದ ಮನೆಯವರು ಎಂದೋ ತೀರ್ಮಾನ ಕೊಟ್ಟಾಗಿದೆ. ಒಬ್ಬ ಡಾಕ್ಟರು ಈಗಲೇ ಮಾಡಿಸಿ ಅಂದ್ರು, ಇನ್ನೊಬ್ಬರು ಕಾಯಿರಿ ಅಂದ್ರು. ನಾನು ಅಮ್ಮನಿಗೆ ಡಿಗ್ರಿ ಲೆಕ್ಕ, ಲೋಹದ ಲೆಕ್ಕ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಂದರು: "ನೆಲದ ಮೇಲೆ ಕೂರೋದು ಬಿಟ್ಟು ಆರು ವರ್ಷ ಆಯ್ತು ಕಣೋ. ನಂಗೆ ರಾತ್ರಿ ಮಗ್ಗುಲು ಬದಲಿಸಿದಾಗ ಎಚ್ಚರ ಆಗಬಾರದು, ಅಷ್ಟೇ." ಈ ಆಪರೇಷನ್‌ನಿಂದ ಅವರಿಗೆ ಬೇಕಾದ್ದೇನು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ಅಂಕಿಗಳು ಏನು ಹೇಳುತ್ತವೆ

ಮೊದಲು ಹಣದ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಅತಿ ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಸರಾಸರಿ ಬೆಲೆ ಸುಮಾರು 1.58 ಲಕ್ಷ ರೂಪಾಯಿ ಇದ್ದದ್ದು ಆಗ 54,720ಕ್ಕೆ ಇಳಿಯಿತು, ಜಿಎಸ್‌ಟಿ ಬೇರೆ. ಇದು ಇಂಪ್ಲಾಂಟ್‌ನ ಬೆಲೆ ಮಾತ್ರ. ಆಸ್ಪತ್ರೆಯ ಕೋಣೆ, ವೈದ್ಯರ ಶುಲ್ಕ, ಫಿಸಿಯೋ ಬೇರೆಯೇ. ಪ್ಯಾಕೇಜ್ ಅಂತ ಒಟ್ಟು ಮೊತ್ತ ಹೇಳಿದಾಗ ಇಂಪ್ಲಾಂಟ್‌ಗೆ ಎಷ್ಟು ಅಂತ ಬಿಡಿಸಿ ಕೇಳಿ, ಬಿಲ್ಲಿನಲ್ಲೂ ನೋಡಿ.

ಎರಡನೆಯದು ಬಾಳಿಕೆ. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ತಿ ಮಂಡಿ ಬದಲಾವಣೆಗಳಲ್ಲಿ ಸುಮಾರು 82% 25 ವರ್ಷ ಬಾಳುತ್ತವೆ. 'ಹತ್ತೇ ವರ್ಷ ಕಣ್ರೀ' ಅನ್ನೋ ಮಾತು ಹಳೆಯದಾಯಿತು. ಆದರೆ ವಯಸ್ಸು ಮುಖ್ಯ. ಬ್ರಿಟನ್ನಿನ ಇನ್ನೊಂದು ಅಧ್ಯಯನ 2017ರದ್ದು. 70 ದಾಟಿದಮೇಲೆ ಮಾಡಿಸಿಕೊಂಡವರಲ್ಲಿ ಬದುಕಿರೋವರೆಗೆ ಎರಡನೇ ಆಪರೇಷನ್ ಬೇಕಾಗೋ ಸಾಧ್ಯತೆ ಸುಮಾರು 5%. 50ರ ಆರಂಭದಲ್ಲಿ ಮಾಡಿಸಿಕೊಂಡ ಗಂಡಸರಲ್ಲಿ ಸುಮಾರು 35%. 'ಸ್ವಲ್ಪ ಕಾಯಿರಿ' ಅನ್ನೋ ಡಾಕ್ಟರ ಮಾತಿನ ಹಿಂದೆ ಈ ಲೆಕ್ಕ ಇರುತ್ತೆ. ಹಾಗಂತ ಕಾಲು ಪೂರ್ತಿ ಸೊಟ್ಟಗಾಗಿ, ಸ್ನಾಯು ಸೊರಗೋವರೆಗೆ ಕಾದರೂ ನಷ್ಟವೇ. ಯಾಕೆ ಅಂತ ಈಗ ನಿಮಗೆ ಗೊತ್ತು.

ಮೂರನೆಯದು ಎಲ್ಲರೂ ಹೇಳದ ಮಾತು. ಆಪರೇಷನ್ ಆದ ಬಹಳಷ್ಟು ಜನ ಖುಷಿಯಾಗಿರ್ತಾರೆ, ಆದರೆ ಸುಮಾರು ಐವರಲ್ಲಿ ಒಬ್ಬರು ಅಂದುಕೊಂಡಷ್ಟು ಆಗಲಿಲ್ಲ ಅಂತಾರೆ. ನೋವು ಪೂರ್ತಿ ಹೋಗಲ್ಲ, ಅಥವಾ ನಿರೀಕ್ಷೆಯೇ ಬೇರೆ ಇರುತ್ತೆ.

ಕೊನೆಯದು ಡೆನ್ಮಾರ್ಕ್‌ನ ಒಂದು ಪ್ರಯೋಗ, 2015ರಲ್ಲಿ ಪ್ರಕಟವಾದದ್ದು. ಆಪರೇಷನ್‌ಗೆ ಅರ್ಹರಾಗಿದ್ದ 100 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್, ಜೊತೆಗೆ 12 ವಾರ ವ್ಯಾಯಾಮ, ಆಹಾರದ ಸಲಹೆ, ನೋವಿನ ಮಾತ್ರೆ. ಇನ್ನೊಂದಕ್ಕೆ ಆಪರೇಷನ್ ಬಿಟ್ಟು ಉಳಿದದ್ದೆಲ್ಲ. ಒಂದು ವರ್ಷದ ನಂತರ ಆಪರೇಷನ್ ಆದವರೇ ಸ್ಪಷ್ಟವಾಗಿ ಹೆಚ್ಚು ಸುಧಾರಿಸಿದ್ದರು. ಆದರೆ ಆಪರೇಷನ್ ಇಲ್ಲದ ಗುಂಪಿನಲ್ಲೂ ಮೂರನೇ ಎರಡರಷ್ಟು ಜನಕ್ಕೆ ಗುಣ ಕಂಡಿತು, ಆ 50 ಜನರಲ್ಲಿ ವರ್ಷದೊಳಗೆ ಆಪರೇಷನ್ ಕೇಳಿದವರು 13 ಜನ ಮಾತ್ರ. ಗಂಭೀರ ತೊಂದರೆಗಳು ಆಪರೇಷನ್ ಗುಂಪಿನಲ್ಲಿ 24, ಇನ್ನೊಂದರಲ್ಲಿ 6.

ಇದರಿಂದ ಆಪರೇಷನ್ ಕೆಟ್ಟದ್ದು ಅಂತ ಅರ್ಥ ಆಗಲ್ಲ, ಅದು ಕೆಲಸ ಮಾಡುತ್ತೆ. ಆದರೆ ಹನ್ನೆರಡು ವಾರ ಸರಿಯಾಗಿ ವ್ಯಾಯಾಮ ಮಾಡಿ ನೋಡೋದು ಕಾಲಹರಣ ಅಲ್ಲ. ಗುಣವಾದರೆ ಸಂತೋಷ. ಆಗದಿದ್ದರೆ ಅದೇ ವ್ಯಾಯಾಮ ಆಪರೇಷನ್‌ಗೆ ಸ್ನಾಯುವನ್ನ ತಯಾರು ಮಾಡಿರುತ್ತೆ. ತೂಕವೂ ಅಷ್ಟೇ: ದೇಹದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತೆ ಅಂತ ಅಧ್ಯಯನವೊಂದು ತೋರಿಸಿದೆ.

ಹಾಗಾದರೆ ಡಾಕ್ಟರ ಹತ್ತಿರ ಏನು ಕೇಳೋದು? ಗ್ಲುಕ್‌ನಿಂದ ಗನ್‌ಸ್ಟನ್‌ವರೆಗೆ ಸುಮಾರು 80 ವರ್ಷ ವೈದ್ಯರು ಕೇಳಿಕೊಂಡದ್ದು 'ಒಳಗೆ ಏನು ಹಾಕೋಣ' ಅಂತ. ನಾವೂ ಇವತ್ತು ಅದನ್ನೇ ಕೇಳ್ತೀವಿ: ಯಾವ ಕಂಪನಿ, ಯಾವ ಲೋಹ, ರೋಬೋಟ್ ಇದೆಯಾ? ಅದಕ್ಕೆ ಮೊದಲು ಇವನ್ನ ಕೇಳಿ. ಸವೆತ ಮಂಡಿಯ ಒಂದೇ ಬದಿಯಲ್ಲಿದೆಯಾ, ಇಡೀ ಮಂಡಿಯಲ್ಲಾ? ಒಂದೇ ಬದಿ ಆದರೆ ಅರ್ಧ ಮಂಡಿ ಬದಲಾವಣೆ ಸಾಕಾ? ಹುರಿಗಳು, ಸ್ನಾಯು ಹೇಗಿವೆ? ಆಪರೇಷನ್ ಆದ ಮೂರು ತಿಂಗಳು ಮನೆಯಲ್ಲಿ ಜೊತೆಗೆ ನಿಂತು ವ್ಯಾಯಾಮ ಮಾಡಿಸೋರು ಯಾರು? ಟಾಯ್ಲೆಟ್, ಮಂಚ, ಮೆಟ್ಟಿಲು ಅದಕ್ಕೆ ತಕ್ಕ ಹಾಗಿವೆಯಾ?

ಈ ಪ್ರಶ್ನೆಗಳಿಗಿಂತಲೂ ಮೊದಲು ನೋವು ತಿನ್ನೋರ ಹತ್ತಿರ ಕೂತು, ನಿಮಗೆ ಈ ಕಾಲಿಂದ ಏನಾಗಬೇಕು ಅಂತ ಕೇಳಿ. ಎಕ್ಸ್‌ರೇ ಹಾಳಾಗಿ ಕಂಡರೂ ಕೆಲವರಿಗೆ ನೋವು ಕಡಿಮೆ, ಎಕ್ಸ್‌ರೇ ಚೆನ್ನಾಗಿ ಕಂಡರೂ ಕೆಲವರಿಗೆ ಬದುಕೇ ಕಷ್ಟ. ಉತ್ತರ ನಿದ್ದೆ ಆಗಿರಬಹುದು, ದೇವಸ್ಥಾನದ ಹತ್ತು ಮೆಟ್ಟಿಲು ಆಗಿರಬಹುದು, ಮತ್ತೆ ಹೊಲಕ್ಕೆ ಇಳಿಯೋದು ಆಗಿರಬಹುದು. ಒಂದಕ್ಕೆ ಆಪರೇಷನ್ ಒಪ್ಪುತ್ತೆ, ಇನ್ನೊಂದಕ್ಕೆ ಒಪ್ಪದಿರಬಹುದು. ಆ ಉತ್ತರವನ್ನ ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಈ ಸಂಚಿಕೆಯನ್ನ ಮನೆಯ ಹಿರಿಯರ ಜೊತೆ ಕೂತು ಇನ್ನೊಮ್ಮೆ ಕೇಳಿ.